ಅಂಗಳವಿಲ್ಲದ ಮನೆಗೊಂದು ಬಿಲ್ವ



ಶ್ರಾವಣದ ಸೋಮವಾರ ಬಂತೆಂದರೆ, ಮಹಾಶಿವರಾತ್ರಿ ಹತ್ತಿರವಾಯಿತೆಂದರೆ ಪೇಟೆಯಲ್ಲಿ ಪತ್ರೆಯ ಕಟ್ಟಿಗೆ ಎಂತಹ ಬೆಲೆ ಬರುತ್ತದೆಂಬುದನ್ನು ಮನೆ ನಡೆಸುವ ತಾಯಂದಿರೆಲ್ಲರೂ ಬಲ್ಲರು. ಬೆಲೆಯ ಮಾತು ಹಾಗಿರಲಿ. ಆ ದಿನಗಳಲ್ಲಿ ಉದ್ಯಾನಗಳಲ್ಲಿ, ರಸ್ತೆಯ ಬದಿಯಲ್ಲಿ, ಗುಡಿಯ ಹಿತ್ತಲಲ್ಲಿ ನಿಂತಿರುವ ಬಿಲ್ವವೃಕ್ಷಗಳನ್ನು ಒಮ್ಮೆ ತಲೆಯೆತ್ತಿ ನೋಡಬೇಕು. ಕೈಗೆಟಕುವ ಎತ್ತರದವರೆಗೆ ಒಂದೆಲೆಯೂ ಉಳಿದಿರುವುದಿಲ್ಲ. ಅದರ ಮೇಲೆ ದೋಟಿ ಹಾಕಿ ಎಳೆದು ಮುರಿದ ಕೊಂಬೆಗಳು ಸಿಪ್ಪೆಯ ಆಸರೆಯಲ್ಲಿ ಜೋತಾಡುತ್ತಿರುತ್ತವೆ. ಶಿವನಿಗೆ ಪ್ರಿಯವೆಂದು ನಾವು ಹೇಳುವ ಮರಕ್ಕೆ ಶಿವಪೂಜೆಯ ದಿನವೇ ಆಪತ್ತಿನ ದಿನವಾಗಿದೆ.

ಇನ್ನೊಂದು ನೋಟವೂ ಎಲ್ಲರ ಕಣ್ಣಿಗೆ ಬೀಳುವಂತಹುದು. ನಸುಕಿನಲ್ಲಿ ಕೈಚೀಲ ಹಿಡಿದು, ನೆರೆಮನೆಯ ಕಾಂಪೌಂಡಿನಾಚೆ ಬಾಗಿದ ಗಿಡದ ಹೂವನ್ನು ಒಡೆಯರಿಗೆ ತಿಳಿಯದಂತೆ ಬಿಡಿಸಿಕೊಂಡು ಬರುವ ಭಕ್ತರು ನಮ್ಮ ಪಟ್ಟಣಗಳ ಬೀದಿಬೀದಿಯಲ್ಲಿದ್ದಾರೆ. 'ದೇವರಿಗೆ ತಾನೆ' ಎಂಬುದು ಅವರ ಸಮಾಧಾನ. ಪರರ ಸೊತ್ತನ್ನು ಕದಿಯಬಾರದೆಂಬುದು ಬಸವಣ್ಣನವರು ನಮಗೆ ಹಾಕಿಕೊಟ್ಟ ನಡೆಯ ಮೊದಲನೆಯ ನಿಯಮ. ಆ ನಿಯಮವನ್ನು ಬೆಳಗಿನ ಪೂಜೆಗೆ ಮುಂಚೆಯೇ ಮುರಿದು, ಅದರ ಫಲವನ್ನೇ ಇಷ್ಟಲಿಂಗದ ಮೇಲೆ ಏರಿಸುವುದು ಎಂತಹ ಅರ್ಚನೆ? ಈ ಪ್ರಶ್ನೆಯನ್ನು ನಾವು ಅನ್ಯರಿಗೆ ಹಾಕುತ್ತಿಲ್ಲ. ನಮ್ಮ ನಮ್ಮ ಮನೆಗಳಲ್ಲಿಯೇ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ಇಲ್ಲಿ ಒಂದು ಸಂಗತಿಯನ್ನು ಸ್ಪಷ್ಟಪಡಿಸುವುದು ಉಚಿತ. ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ ಎಂಬ ಅಷ್ಟಾವರಣಗಳಲ್ಲಿ ಪತ್ರೆಯ ಹೆಸರಿಲ್ಲ. ಪತ್ರೆಯಿಲ್ಲದ ದಿನ ಲಿಂಗಪೂಜೆ ನಿಲ್ಲಬೇಕಾಗಿಲ್ಲ, ಊನವೂ ಆಗುವುದಿಲ್ಲ. ಹೊರಗಿನ ಆಡಂಬರಕ್ಕಿಂತ ಒಳಗಿನ ಶುದ್ಧಿಗೆ ಶರಣರು ಮನ್ನಣೆಯಿತ್ತರು. ಆದುದರಿಂದ ಪತ್ರೆಯನ್ನು ಏರಿಸಲೇಬೇಕೆಂದು ನಾವು ಹೇಳುತ್ತಿಲ್ಲ. ಏರಿಸುವುದಾದರೆ ಅದು ಸತ್ಯಶುದ್ಧವಾದ ದಾರಿಯಿಂದ ಬಂದದ್ದಾಗಿರಲಿ ಎಂಬುದಷ್ಟೇ ನಮ್ಮ ಬಿನ್ನಹ. ಕಲ್ಯಾಣದ ಶರಣರಿಗೆ ಪತ್ರೆ ಪುಷ್ಪಗಳನ್ನು ಒದಗಿಸುವುದನ್ನೇ ಕಾಯಕವಾಗಿ ಕೈಗೊಂಡವರೆಂದು ಹೂಗಾರ ಮಾದಯ್ಯನವರನ್ನು ಇಂದಿಗೂ ಸ್ಮರಿಸುತ್ತೇವೆ. ಒಕ್ಕಲಿಗ ಮುದ್ದಣ್ಣನವರು ಬೇಸಾಯದ ಮಾತುಗಳನ್ನೇ ವಚನದ ಪರಿಭಾಷೆಯಾಗಿಸಿಕೊಂಡರು. ಮಣ್ಣಿನ ಕೆಲಸವು ನಮ್ಮ ಪರಂಪರೆಗೆ ಹೊರಗಿನದಲ್ಲ.

'ಬೆಳೆಸೋಣವೆಂದರೆ ನಮಗೆ ಅಂಗಳವೆಲ್ಲಿದೆ?' ಎಂದು ಅನೇಕ ತಾಯಂದಿರು ಕೇಳುವುದುಂಟು. ಮೂರನೆಯ ಮಹಡಿಯ ಮನೆ, ನಾಲ್ಕಡಿ ಅಗಲದ ಬಾಲ್ಕನಿ, ಒಂದು ಕಿಟಕಿ. ಇಷ್ಟೇ ಇಂದಿನ ಅನೇಕ ಸಂಸಾರಗಳ ಭೂಮಿ. ಇಷ್ಟು ಭೂಮಿಯಲ್ಲಿಯೂ ಒಂದು ಬಿಲ್ವ, ಒಂದು ದುಂಡುಮಲ್ಲಿಗೆ, ಒಂದು ಕುಂಡ ತುಂಬೆ ಬೆಳೆಯಬಲ್ಲವು. ಅದಕ್ಕೆ ಬೇಕಾದವು ಮೂರು: ಜೀವವಿರುವ ಮಣ್ಣು, ಸಾಕಷ್ಟು ಬೆಳಕು, ಗಿಡವನ್ನು ಪಳಗಿಸುವ ಕೈ. ಇವನ್ನು ಒಂದೊಂದಾಗಿ ವಿಚಾರಿಸೋಣ.

ಮಣ್ಣು

ಕುಂಡದ ಗಿಡವು ತನಗೆ ಬೇಕಾದುದನ್ನು ಹುಡುಕಿಕೊಂಡು ಬೇರನ್ನು ದೂರ ಚಾಚಲಾರದು. ನಾವು ಕೊಟ್ಟ ಹಿಡಿ ಮಣ್ಣೇ ಅದರ ಲೋಕ. ಕೆಮ್ಮಣ್ಣು 2 ಭಾಗ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ 1 ಭಾಗ, ಮರಳು ಅಥವಾ ತೆಂಗಿನ ನಾರಿನ ಪುಡಿ 1 ಭಾಗ ಬೆರೆಸಿ, ದೊಡ್ಡ ಕುಂಡವೊಂದಕ್ಕೆ ಎರಡು ಹಿಡಿ ಬೇವಿನ ಹಿಂಡಿ ಕೂಡಿಸಬೇಕು. ನಾರಿನ ಪುಡಿಯಲ್ಲಿ ಉಪ್ಪಿನ ಅಂಶವಿರುವುದರಿಂದ ಅದನ್ನು ಎರಡು ಮೂರು ಸಲ ನೀರಿನಲ್ಲಿ ನೆನೆಸಿ ಹಿಂಡಿ ಬಳಸತಕ್ಕದ್ದು. ಈ ಮಿಶ್ರಣದಲ್ಲಿ ಕೂಡಲೇ ಸಸಿ ನೆಡಬಾರದು. ಹದವಾಗಿ ನೀರು ಚಿಮುಕಿಸಿ, ಗೋಣಿತಾಟು ಹೊದಿಸಿ, ಮೂರು ವಾರ ನೆರಳಿನಲ್ಲಿ ಬಿಡಬೇಕು. ಹಿಂಡಿಯು ಕೊಳೆಯುವಾಗ ಶಾಖ ಹುಟ್ಟುತ್ತದೆ; ಅದು ಎಳೆಯ ಬೇರಿಗೆ ಹಾನಿಕರ. ಅಲ್ಲದೆ ಆ ಮೂರು ವಾರಗಳಲ್ಲಿ ಕಣ್ಣಿಗೆ ಕಾಣದ ಅಣುಜೀವಿಗಳು ಮಣ್ಣಿನಲ್ಲಿ ಮನೆ ಮಾಡುತ್ತವೆ. ಗೊಬ್ಬರವನ್ನು ಗಿಡವು ನೇರವಾಗಿ ಉಣ್ಣುವುದಿಲ್ಲ. ಈ ಜೀವಿಗಳು ಅದನ್ನು ಜೀರ್ಣಿಸಿ ಕೊಟ್ಟದ್ದನ್ನು ಗಿಡವು ಪ್ರಸಾದದಂತೆ ಸ್ವೀಕರಿಸುತ್ತದೆ.

ಮನೆಯವರು ಅವಶ್ಯವಾಗಿ ಗಮನಿಸಬೇಕಾದ ಮಾತೊಂದಿದೆ. ಚೀಲದಲ್ಲಿ ಸಿದ್ಧವಾಗಿ ದೊರೆಯುವ ಕುಂಡದ ಮಣ್ಣಿನಲ್ಲಿ ಅನೇಕ ವೇಳೆ ಮೂಳೆಯ ಪುಡಿಯನ್ನು ಬೆರೆಸಿರುತ್ತಾರೆ. ರಂಜಕದ ಅಂಶಕ್ಕಾಗಿ ಅದನ್ನು ಹಾಕುವುದು ರೂಢಿ. ಪೂಜೆಯ ಪತ್ರೆಗೆ ಅದು ಒಪ್ಪದೆಂದು ಭಾವಿಸುವ ಕುಟುಂಬದವರು ಸಸ್ಯಕ್ಷೇತ್ರದಲ್ಲಿ ಕೇಳಿ ತಿಳಿದುಕೊಂಡೇ ಕೊಳ್ಳಬೇಕು; ಇಲ್ಲವೇ ಮೇಲೆ ಹೇಳಿದಂತೆ ಮನೆಯಲ್ಲಿಯೇ ಮಣ್ಣನ್ನು ಸಿದ್ಧಪಡಿಸಿಕೊಳ್ಳಬೇಕು. ಕಡಲೆಕಾಯಿ ಹಿಂಡಿ, ಬೇವಿನ ಹಿಂಡಿ, ಎರೆಗೊಬ್ಬರಗಳಿಂದಲೇ ಈ ಗಿಡಗಳು ಸೊಗಸಾಗಿ ಬೆಳೆಯುತ್ತವೆ.

ತಿಂಗಳಿಗೆ ಎರಡು ಬಾರಿ ಜೀವಾಮೃತ ಕೊಡುವುದು ಹಿತಕರ. ಸುಭಾಷ್ ಪಾಳೇಕರ್ ಅವರ ಪದ್ಧತಿಯಿಂದ ನಮ್ಮ ರೈತರಿಗೆ ಇದು ಚಿರಪರಿಚಿತ. ಹೊಲದಲ್ಲಿ 200 ಲೀಟರ್ ನೀರಿಗೆ ಮಾಡುವ ಪ್ರಮಾಣವನ್ನು ಮನೆಗೆ ಇಳಿಸಿದರೆ ಲೆಕ್ಕ ಹೀಗಾಗುತ್ತದೆ: 10 ಲೀಟರ್ ನೀರು, ಅರ್ಧ ಕಿಲೋ ನಾಡಹಸುವಿನ ಸಗಣಿ, ಅರ್ಧ ಲೀಟರ್ ಗೋಮೂತ್ರ, 100 ಗ್ರಾಂ ಬೆಲ್ಲ, 100 ಗ್ರಾಂ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಒಳ್ಳೆಯ ಮಣ್ಣು. ನೆರಳಿನಲ್ಲಿಟ್ಟು ದಿನಕ್ಕೆರಡು ಬಾರಿ ಕೋಲಿನಿಂದ ತಿರುವುತ್ತ ಎರಡು ದಿನ ಕಳೆದ ಮೇಲೆ, ಹತ್ತು ಪಾಲು ನೀರು ಬೆರೆಸಿ ಬುಡಕ್ಕೆ ಹಾಕಬೇಕು. ವಾರದೊಳಗೆ ಬಳಸಿ ಮುಗಿಸಬೇಕು. ನೆರೆಹೊರೆಯವರೊಡನೆ ಹಂಚಿಕೊಂಡರೆ ಉಳಿಯುವ ಚಿಂತೆಯೂ ಇಲ್ಲ.

ನಿರ್ಮಾಲ್ಯ

ಲಿಂಗದಿಂದಿಳಿಸಿದ ಹೂ ಪತ್ರೆಗಳನ್ನು ತುಳಿಯುವ ಕಡೆ ಹಾಕಬಾರದೆಂಬ ಭಾವನೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೆರೆಗೋ ಹೊಳೆಗೋ ಎಸೆದು ಕೈಮುಗಿಯುವುದು ವಾಡಿಕೆಯಾಗಿದೆ. ಭಾವನೆ ಒಳ್ಳೆಯದು, ಮಾರ್ಗ ಸರಿಯಲ್ಲ. ನೀರಿನಲ್ಲಿ ಕೊಳೆಯುವ ಹೂವು ಆ ನೀರಿನ ಪ್ರಾಣವಾಯುವನ್ನು ಕುಗ್ಗಿಸಿ ಮೀನುಗಳಿಗೆ ಕಂಟಕವಾಗುತ್ತದೆ. ನಿರ್ಮಾಲ್ಯವು ತಾನು ಹುಟ್ಟಿದ ಮಣ್ಣಿಗೇ ಮರಳುವುದಕ್ಕಿಂತ ಗೌರವದ ವಿಸರ್ಜನೆ ಇನ್ನಾವುದಿದೆ?

ತಳದಲ್ಲಿ ಮತ್ತು ಪಕ್ಕದಲ್ಲಿ ತೂತುಗಳಿರುವ ಮಣ್ಣಿನ ಕುಂಡವೊಂದನ್ನು ಇದಕ್ಕಾಗಿಯೇ ಮೀಸಲಿಡಬೇಕು. ದಾರ, ಜರಿ, ಊದುಬತ್ತಿಯ ಕಡ್ಡಿ, ಕರ್ಪೂರದ ಚೂರು, ಬಣ್ಣದ ಕುಂಕುಮ ಇವನ್ನು ಮೊದಲೇ ಬೇರ್ಪಡಿಸಬೇಕು. ಹಸಿ ಹೂ ಪತ್ರೆ ಒಂದು ಪಾಲಾದರೆ ಒಣ ತರಗೆಲೆ ಎರಡು ಪಾಲು ಇರಲಿ. ಬಿಲ್ವದ ಎಲೆ ಗಡುಸಾದುದರಿಂದ ಹರಿದು ಹಾಕಿದರೆ ಬೇಗ ಕಳಿಯುತ್ತದೆ. ಮೇಲೆ ಹಿಡಿ ಹಳೆಯ ಗೊಬ್ಬರ ಉದುರಿಸಿ, ವಾರಕ್ಕೊಮ್ಮೆ ಕೆದಕಿ, ಹಿಂಡಿದ ಬಟ್ಟೆಯಷ್ಟು ತೇವ ಕಾಯ್ದುಕೊಂಡರೆ ಎರಡು ಮೂರು ತಿಂಗಳಿನಲ್ಲಿ ಕರಿಯ ಪುಡಿಗೊಬ್ಬರ ಸಿದ್ಧವಾಗುತ್ತದೆ. ದುರ್ವಾಸನೆ ಬಂದರೆ ಹಸಿಯ ಅಂಶ ಹೆಚ್ಚಾಯಿತೆಂದು ತಿಳಿದು ತರಗೆಲೆ ಸೇರಿಸಬೇಕು. ವಿಭೂತಿಯ ಕಣಗಳು ಅಷ್ಟಿಷ್ಟು ಬಿದ್ದರೆ ಬಾಧಕವಿಲ್ಲ. ಆದರೆ ಭಸ್ಮವು ಕ್ಷಾರಗುಣದ್ದು. ಒಲೆಯ ಬೂದಿಯನ್ನು ಬೊಗಸೆಗಟ್ಟಲೆ ಸುರಿಯಬಾರದು. ಹಾಲು, ತುಪ್ಪ, ಸಕ್ಕರೆಗಳನ್ನು ಗಿಡದ ಬುಡಕ್ಕೆ ಸುರಿಯುವುದೂ ಸಲ್ಲದು. ಇರುವೆಯನ್ನು ಕರೆಯುತ್ತವೆ, ಬೇರನ್ನು ಕೊಳೆಸುತ್ತವೆ.

ಹೀಗೆ ಈ ಶ್ರಾವಣದ ನಿರ್ಮಾಲ್ಯ ಮುಂದಿನ ಶಿವರಾತ್ರಿಯ ಪತ್ರೆಗೆ ಆಹಾರವಾಗುತ್ತದೆ. ಪಡೆದುದನ್ನು ಮರಳಿ ಸಲ್ಲಿಸುವುದೇ ದಾಸೋಹದ ತಿರುಳು. ಅದನ್ನು ಮಕ್ಕಳಿಗೆ ಉಪದೇಶದಿಂದ ತಿಳಿಸುವುದಕ್ಕಿಂತ ಈ ಕುಂಡದ ಮುಂದೆ ನಿಲ್ಲಿಸಿ ತೋರಿಸುವುದು ಸುಲಭ.

ಬೆಳಕು

ಬಿಲ್ವವೂ ಮಲ್ಲಿಗೆಯೂ ಬಿಸಿಲಿನ ಗಿಡಗಳು. ದಿನಕ್ಕೆ ಐದಾರು ಗಂಟೆಯ ನೇರ ಬಿಸಿಲು ಬೀಳುವ ಬಾಲ್ಕನಿ ಅಥವಾ ತಾರಸಿ ಅವಕ್ಕೆ ತಕ್ಕ ಸ್ಥಳ. ಕೋಣೆಯೊಳಗೆ ಕಿಟಕಿಯಿಂದ ಒಂದೆರಡು ಅಡಿ ಹಿಂದೆ ಸರಿಸಿದರೂ ಬೆಳಕು ಬಹುವಾಗಿ ಕುಗ್ಗುತ್ತದೆ. ನಮ್ಮ ಕಣ್ಣಿನ ಪಾಪೆ ಹಿಗ್ಗಿ ಹೊಂದಿಕೊಳ್ಳುವುದರಿಂದ ಆ ವ್ಯತ್ಯಾಸ ನಮಗೆ ತಿಳಿಯುವುದಿಲ್ಲ, ಗಿಡಕ್ಕೆ ತಿಳಿಯುತ್ತದೆ. ಕಾಂಡ ತೆಳ್ಳಗೆ ಉದ್ದವಾಗಿ ಕಿಟಕಿಯ ಕಡೆಗೆ ವಾಲಿದರೆ ಅದು ಬೆಳಕನ್ನು ಬೇಡುತ್ತಿದೆಯೆಂದೇ ಅರ್ಥ. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿದರೆ ಗಿಡ ನೇರವಾಗಿ ನಿಲ್ಲುತ್ತದೆ. ಬಿಸಿಲೇ ಇಲ್ಲದ ಮನೆಯವರು ಎಲ್‌ಇಡಿ ದೀಪದ ಆಸರೆ ಪಡೆಯಬಹುದು. ಬಿಳಿಯ ಬೆಳಕಿನ ದೀಪವನ್ನು ಸಸಿಗಳಿಂದ ಸುಮಾರು ಒಂದಡಿ ಮೇಲೆ ತೂಗುಬಿಟ್ಟು ದಿನಕ್ಕೆ 12ರಿಂದ 14 ಗಂಟೆ ಉರಿಸಿದರೆ ತುಂಬೆಯೂ ಎಳೆಯ ಬಿಲ್ವವೂ ಬಾಳುತ್ತವೆ. ರಾತ್ರಿ ದೀಪವನ್ನು ಆರಿಸಲೇಬೇಕು. ಗಿಡಕ್ಕೂ ಕತ್ತಲೆಯ ವಿಶ್ರಾಂತಿ ಬೇಕು.

ನೆಡುವುದು

ಬಿಲ್ವದ ಹಣ್ಣನ್ನು ಒಡೆದು, ಬೀಜಕ್ಕಂಟಿದ ಅಂಟನ್ನು ತೊಳೆದು, ತಡಮಾಡದೆ ಬಿತ್ತಬೇಕು. ಬೀಜ ಹಳೆಯದಾದಷ್ಟೂ ಮೊಳಕೆಯ ಶಕ್ತಿ ಕುಂದುತ್ತದೆ. ಹೊಸ ಬೀಜ ಎರಡು ಮೂರು ವಾರದಲ್ಲಿ ಮೊಳೆಯುತ್ತದೆ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿಯೂ ಸಸಿಗಳು ದೊರೆಯುವುದುಂಟು. ಫಲಕ್ಕೆ ಹಲವು ವರ್ಷ ಕಾಯಬೇಕಾದರೂ ಪತ್ರೆಗೆ ಅಷ್ಟು ಕಾಯಬೇಕಿಲ್ಲ. ಮೊದಲು ಸಣ್ಣ ಕುಂಡ, ಆಮೇಲೆ ಹಂತಹಂತವಾಗಿ 18 ಅಂಗುಲದ ಕುಂಡ ಕೊಡಬೇಕು. ನೀರುಂಡ ದೊಡ್ಡ ಕುಂಡವು ಇಬ್ಬರು ಎತ್ತಲಾರದಷ್ಟು ಭಾರವಾಗುವುದರಿಂದ ಅದನ್ನು ಬಾಲ್ಕನಿಯ ಅಂಚಿಗೆ ಇಡದೆ ಗೋಡೆಯ ಬದಿಗೆ ಇಡತಕ್ಕದ್ದು. ದುಂಡುಮಲ್ಲಿಗೆಯನ್ನು ಮಳೆಗಾಲದಲ್ಲಿ ಗೇಣುದ್ದದ ಕಡ್ಡಿಯಿಂದ ಮಾಡಿಕೊಳ್ಳಬಹುದು. ತುಂಬೆಯು ಬೀಜ ಚೆಲ್ಲಿದರೆ ತಾನೇ ಹುಟ್ಟುತ್ತದೆ. ಎಕ್ಕ, ದತ್ತೂರಿ, ಕಣಗಿಲೆಗಳು ಶಿವಪೂಜೆಗೆ ಬಳಕೆಯಲ್ಲಿದ್ದರೂ ವಿಷದ ಗಿಡಗಳು. ಚಿಕ್ಕ ಮಕ್ಕಳಿರುವ ಮನೆಯ ಬಾಲ್ಕನಿಗೆ ಅವು ಬೇಡ.

ಬೆರಳನ್ನು ಮಣ್ಣಿನೊಳಗೆ ಒಂದು ಗೆಣ್ಣಿನಷ್ಟು ಇಳಿಸಿ, ಒಣಗಿದೆಯೆಂದು ತಿಳಿದ ಮೇಲೆ ನೀರು ಕೊಡಬೇಕು. ದಿನವೂ ಪೂಜೆಯ ಹೊತ್ತಿಗೆ ಚೊಂಬು ನೀರೆರೆಯುವ ನಿಯಮವು ಭಕ್ತಿಗೆ ಒಪ್ಪಬಹುದು, ಬೇರಿಗೆ ಒಪ್ಪದು. ಅತಿಯಾದ ನೀರಿನಿಂದ ಸಾಯುವ ಕುಂಡದ ಗಿಡಗಳೇ ಹೆಚ್ಚು. ಮಣ್ಣಿನ ಮೇಲೆ ತರಗೆಲೆಯ ಹೊದಿಕೆಯಿದ್ದರೆ ತೇವವೂ ಉಳಿಯುತ್ತದೆ, ಅಣುಜೀವಿಗಳೂ ಉಳಿಯುತ್ತವೆ.

ಪಳಗಿಸುವುದು

ಮರವಾಗಬೇಕಾದುದನ್ನು ಕುಂಡದಲ್ಲಿ ಪೊದೆಯಾಗಿ ಇರಿಸುವುದು ಹೇಗೆ? ಗಿಡದ ತುತ್ತತುದಿಯ ಚಿಗುರಿನಲ್ಲಿ ಆಕ್ಸಿನ್ ಎಂಬ ರಸವು ಉತ್ಪನ್ನವಾಗಿ ಕೆಳಗಿಳಿಯುತ್ತದೆ. ಅದು ಇಳಿಯುತ್ತಿರುವವರೆಗೆ ಪಕ್ಕದ ಮೊಗ್ಗುಗಳು ಮಲಗಿಯೇ ಇರುತ್ತವೆ. ಬಿಲ್ವದ ಸಸಿ ಎರಡಡಿ ಎತ್ತರವಾದಾಗ ತುದಿಯನ್ನು ಚಿವುಟಿದರೆ ಆ ಹಿಡಿತ ಸಡಿಲಿ, ಕೆಳಗಿನ ಮೊಗ್ಗುಗಳು ಎಚ್ಚೆತ್ತು ನಾಲ್ಕಾರು ಕೊಂಬೆಗಳಾಗುತ್ತವೆ. ಆ ಕೊಂಬೆಗಳು ಗೇಣುದ್ದ ಬೆಳೆದಾಗ ಅವುಗಳ ತುದಿಯನ್ನೂ ಹಾಗೆಯೇ ಚಿವುಟಬೇಕು. ಒಂದು ವರ್ಷದ ತಾಳ್ಮೆಯಲ್ಲಿ ಒಂದು ಕಾಂಡದ ಸಸಿ ಹತ್ತಾರು ಕವಲಿನ ಗಿಡವಾಗುತ್ತದೆ.

ಎರಡನೆಯದು ಬಾಗಿಸುವ ವಿಧಾನ. ಹಸಿರಾಗಿ ಬಳುಕುವ ಎಳೆಯ ಕೊಂಬೆಯನ್ನು ನಿಧಾನವಾಗಿ ಹೊರಕ್ಕೆ ಬಾಗಿಸಿ, ಬಾಳೆನಾರಿನಿಂದಲೋ ಹತ್ತಿಯ ಪಟ್ಟಿಯಿಂದಲೋ ಕುಂಡದ ಅಂಚಿಗೆ ಸಡಿಲವಾಗಿ ಕಟ್ಟಬೇಕು. ಕೊಂಬೆ ಅಡ್ಡವಾದೊಡನೆ ಅದರ ಉದ್ದಕ್ಕೂ ಚಿಗುರುಗಳು ಮೇಲೆದ್ದು, ಗಿಡದ ನಡುವಿಗೂ ಬೆಳಕು ಇಳಿಯುತ್ತದೆ. ಒಂದೇ ದಿನ ಪೂರ್ತಿ ಬಾಗಿಸದೆ ವಾರಕ್ಕಿಷ್ಟೆಂದು ಬಿಗಿಮಾಡುತ್ತ ಹೋಗಬೇಕು. ಬಲಿತ ಕೊಂಬೆ ಬಾಗದು, ಮುರಿಯುತ್ತದೆ. ತಂತಿಯನ್ನೂ ಪ್ಲಾಸ್ಟಿಕ್ ದಾರವನ್ನೂ ಬಳಸಿದರೆ ಅವು ಸಿಪ್ಪೆಯನ್ನು ಕೊರೆಯುತ್ತವೆ. ಬಿಲ್ವಕ್ಕೆ ಮುಳ್ಳುಗಳಿರುವುದರಿಂದ ಮಕ್ಕಳ ಕೈಗೆ ಈ ಕೆಲಸವನ್ನು ಒಂಟಿಯಾಗಿ ಬಿಡಬಾರದು.

ದುಂಡುಮಲ್ಲಿಗೆಯ ನಿಯಮ ಬೇರೆ. ನವೆಂಬರ್ ಕೊನೆಯ ವಾರದಲ್ಲಿ ಕೆಲವು ದಿನ ನೀರು ಕಡಿಮೆಮಾಡಿ, ಮಣ್ಣಿನಿಂದ ಸುಮಾರು ಒಂದೂವರೆ ಅಡಿ ಎತ್ತರಕ್ಕೆ ಕೊಂಬೆಗಳನ್ನು ಕತ್ತರಿಸಬೇಕು. ಬಳಿಕ ಗೊಬ್ಬರ ಕೊಟ್ಟು ನೀರೆರೆದರೆ ಬೇಸಿಗೆಯ ಆರಂಭದಲ್ಲಿ ಹೊಸ ಚಿಗುರಿನ ತುದಿಯಲ್ಲಿ ಮೊಗ್ಗುಗಳು ತುಂಬುತ್ತವೆ. ಕತ್ತರಿಸಲು ಮರುಗುವವರ ಮಲ್ಲಿಗೆ ಎಲೆಯನ್ನಷ್ಟೇ ಕೊಡುತ್ತದೆ.

ಪತ್ರೆ ಬಿಡಿಸುವುದೂ ಪಳಗಿಸುವುದರ ಅಂಗವೇ. ಒಂದೇ ಕೊಂಬೆಯನ್ನು ಬೋಳಿಸದೆ, ಗಿಡದ ಸುತ್ತಲಿಂದ ಒಂದೊಂದು ದಳವನ್ನು ಉಗುರಿನಿಂದ ಚಿವುಟಿ ತೆಗೆದುಕೊಳ್ಳಬೇಕು. ಯಾವ ಕಾಲಕ್ಕೂ ಗಿಡದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಎಲೆಯನ್ನು ತೆಗೆಯಬಾರದು. ಇಷ್ಟಲಿಂಗಕ್ಕೆ ಒಂದು ದಳ ಸಾಕು. ತಾನೇ ಬೆಳೆಸಿದ ಗಿಡದ ಮುಂದೆ ನಿಂತವನಿಗೆ ಎಷ್ಟು ಸಾಕೆಂಬುದು ತಾನಾಗಿ ತಿಳಿಯುತ್ತದೆ. ಕಟ್ಟುಗಟ್ಟಲೆ ಕೊಂಡು ತಂದವನಿಗೆ ಅದು ತಿಳಿಯುವುದು ಕಷ್ಟ.

ಬಿಲ್ವವು ಬೇಸಿಗೆಗೆ ಮುನ್ನ ಎಲೆಯುದುರಿಸುವ ಜಾತಿಯ ಮರ. ಆಗ ಗಿಡ ಒಣಗಿತೆಂದು ಕಿತ್ತೆಸೆದವರುಂಟು. ತಾಳ್ಮೆಯಿಂದಿದ್ದರೆ ಹೊಸ ಚಿಗುರು ಬಂದೇ ಬರುತ್ತದೆ. ಆ ಬಿಡುವಿನಲ್ಲಿ ನೀರು ಕಡಿಮೆ ಕೊಡಬೇಕು. ಎರಡು ವರ್ಷಕ್ಕೊಮ್ಮೆ ಗಿಡವನ್ನು ಕುಂಡದಿಂದ ತೆಗೆದು, ಸುತ್ತಿಕೊಂಡ ಹೊರಬೇರುಗಳನ್ನು ಅಂಗುಲದಷ್ಟು ಕತ್ತರಿಸಿ, ಹೊಸ ಮಣ್ಣು ತುಂಬಿ ಮತ್ತೆ ನೆಡಬೇಕು.

ಹುಳುಗಳ ವಿಚಾರ

ಬಿಲ್ವ, ನಿಂಬೆ, ಕರಿಬೇವು ಈ ಮೂರೂ ಒಂದೇ ಸಸ್ಯಕುಟುಂಬದವು. ಆದುದರಿಂದ ನಿಂಬೆಯ ಚಿಟ್ಟೆ ಬಿಲ್ವದ ಮೇಲೂ ಮೊಟ್ಟೆಯಿಡುತ್ತದೆ. ಎಳೆಯ ಹುಳು ಹಕ್ಕಿಯ ಹಿಕ್ಕೆಯಂತೆ ಕಂಡು ಮೋಸಗೊಳಿಸುತ್ತದೆ. ಬೆಳೆದಾಗ ಹಸಿರಾಗಿ ಒಂದೆರಡು ದಿನದಲ್ಲಿ ಚಿಗುರನ್ನೆಲ್ಲ ತಿಂದು ಮುಗಿಸುತ್ತದೆ. ವಿಷದ ಔಷಧಿ ಹೊಡೆದು ಅದೇ ಎಲೆಯನ್ನು ಲಿಂಗಕ್ಕೇರಿಸುವುದು ಎಷ್ಟು ಮಾತ್ರವೂ ಸಲ್ಲದು. ಪಕ್ಕದಲ್ಲಿ ಒಂದು ಕುಂಡ ಕರಿಬೇವನ್ನು ಬೆಳೆಸಿ, ಹುಳುಗಳನ್ನು ಕಡ್ಡಿಯಿಂದ ಎತ್ತಿ ಅದರ ಮೇಲೆ ಬಿಟ್ಟರೆ ಗಿಡವೂ ಉಳಿಯುತ್ತದೆ, ಚಿಟ್ಟೆಯೂ ಬದುಕುತ್ತದೆ. ಸಕಲ ಜೀವಿಗಳಲ್ಲಿ ದಯೆಯನ್ನು ಬೋಧಿಸಿದ ಶರಣರ ಮಕ್ಕಳಿಗೆ ಇದು ಹೆಚ್ಚಿನ ಶ್ರಮವಲ್ಲ. ಹಿಟ್ಟು ತಿಗಣೆ ಬಂದರೆ ಮಾತ್ರ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆಯನ್ನೂ ಸ್ವಲ್ಪ ಅಂಟುವಾಳದ ನೀರನ್ನೂ ಕಲಕಿ, ಸಂಜೆಯ ಹೊತ್ತು ಸಿಂಪಡಿಸಬೇಕು. ಆಮೇಲೆ ಕೆಲವು ದಿನ ಆ ಎಲೆಯನ್ನು ಪೂಜೆಗೆ ಬಿಡಿಸಬಾರದು.

ಇದೇ ಸಂದರ್ಭದಲ್ಲಿ ಪರದೇಶಗಳಲ್ಲಿ ನೆಲೆಸಿರುವ ನಮ್ಮ ಬಂಧುಗಳಿಗೊಂದು ಮಾತು. ಊರಿಗೆ ಬಂದು ಹೋಗುವಾಗ ಪೆಟ್ಟಿಗೆಯಲ್ಲಿ ಬಿಲ್ವದ ಎಲೆಯನ್ನೋ ಸಸಿಯನ್ನೋ ಇಟ್ಟುಕೊಂಡು ಹೋಗುವ ಆಸೆ ಸಹಜ. ಆದರೆ ನಿಂಬೆಯ ಕುಟುಂಬದ ಗಿಡಗಳಿಗೆ ತಗಲುವ ರೋಗಗಳು ತಮ್ಮ ಕಿತ್ತಳೆಯ ತೋಟಗಳನ್ನು ನಾಶಮಾಡಬಹುದೆಂಬ ಭಯದಿಂದ ಅಮೆರಿಕ, ಆಸ್ಟ್ರೇಲಿಯಾ ಮೊದಲಾದ ದೇಶಗಳು ಇವುಗಳ ಪ್ರವೇಶವನ್ನು ಕಟ್ಟುನಿಟ್ಟಾಗಿ ನಿರ್ಬಂಧಿಸಿವೆ. ಆ ನೆಲದ ಅನ್ನ ಉಣ್ಣುವವರು ಅಲ್ಲಿನ ರೈತರಿಗೆ ಕೇಡು ತರಬಾರದು. ಅಲ್ಲಿಯ ಸಸ್ಯಾಗಾರಗಳಲ್ಲಿ ಕಾನೂನಿಗೆ ಒಪ್ಪುವಂತೆ ದೊರೆಯುವ ಸಸಿಯನ್ನೇ ಕೊಂಡು, ಹಿಮ ಬೀಳುವ ಮುನ್ನ ಕುಂಡವನ್ನು ಒಳಗೆ ತಂದು, ಮೇಲೆ ಹೇಳಿದಂತೆ ದೀಪದ ಕೆಳಗೆ ಚಳಿಗಾಲ ಕಳೆಯಿಸಬಹುದು. ಸಿಗದಿದ್ದರೆ ಆ ನೆಲದಲ್ಲಿ ಬೆಳೆದ ಯಾವ ಶುದ್ಧ ಹೂವಾದರೂ ಲಿಂಗಕ್ಕೆ ಸಲ್ಲುತ್ತದೆ.

ಕೊನೆಯದಾಗಿ ಒಂದು ವಿನಂತಿ. ಕುಂಡದಲ್ಲಿ ಬಿಲ್ವ ಬದುಕುತ್ತದೆಯಾದರೂ ಅದರ ನಿಜವಾದ ಸ್ಥಾನ ನೆಲವೇ. ಬೀಜ ಬಿತ್ತಿದಾಗ ಐದು ಸಸಿ ಹುಟ್ಟಿದರೆ ಒಂದನ್ನು ಮನೆಯಲ್ಲಿಟ್ಟುಕೊಂಡು ಉಳಿದ ನಾಲ್ಕನ್ನು ಮಠದ ಆವರಣಕ್ಕೋ, ಊರಿನ ಹೊಲದ ಬದುವಿಗೋ, ಶಾಲೆಯ ಅಂಗಳಕ್ಕೋ ಒಪ್ಪಿಸಿ, ಎರಡು ಬೇಸಿಗೆ ನೀರೆರೆಯುವ ಹೊಣೆಯನ್ನೂ ಹೊರಬೇಕು. ನಾವು ಎಲೆ ಕಿತ್ತು ಬೋಳುಮಾಡಿದ ಮರಗಳ ಋಣ ಆಗ ತೀರುತ್ತದೆ. ಮಳೆಗಾಲ ಸಸಿ ನೆಡಲು ತಕ್ಕ ಕಾಲ. ಮಣ್ಣನ್ನು ಮೂರು ವಾರ ಮುಂಚಿತವಾಗಿ ಸಿದ್ಧಪಡಿಸಿಕೊಳ್ಳುವುದು ಮರೆಯದಿರಲಿ.